ಬೇಸಿಗೆಯಲ್ಲೇ ಮಳೆಗಾಲ: ಗಾಲ್ಫ್ ಮೈದಾನಕ್ಕೆ ಬೀಗ ಬಿದ್ದರೆ ಯಾರ ಕೂಲಿ ಹೋಗುತ್ತೆ?

ಬೆಂಗಳೂರು: 2025ರ ಮೇ ತಿಂಗಳು ಬೇಸಿಗೆ ಅನ್ನಿಸಿಕೊಳ್ಳಲೇ ಇಲ್ಲ. ನಗರದಲ್ಲಿ ಬಿದ್ದ ಮಳೆ 2023ರ ಮೇ ದಾಖಲೆಯಾದ 305.4 ಮಿ.ಮೀ.ಯನ್ನೂ ಹಿಂದಿಕ್ಕಿತು. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ವಾಡಿಕೆಗಿಂತ ಎಂಟು ದಿನ ಮೊದಲೇ. ಉಕ್ಕಿದ ಚರಂಡಿ, ಬಿದ್ದ ಮರಗಳ ಸುದ್ದಿ ಸಾಕಷ್ಟು ಬಂತು. ಹುಲ್ಲಿನ ಬಗ್ಗೆ ಮಾತ್ರ ಯಾರೂ ಮಾತಾಡಲಿಲ್ಲ.

ಮಲ್ಲೇಶ್ವರದ ಕಡೆಯಿಂದ ಸ್ಯಾಂಕಿ ರಸ್ತೆ ಹಿಡಿದು ಹೊರಟರೆ ಹೈಗ್ರೌಂಡ್ಸ್‌ನಲ್ಲಿ ಸಿಗೋದು ಬೆಂಗಳೂರು ಗಾಲ್ಫ್ ಕ್ಲಬ್. ಶುರುವಾದದ್ದು 1876ರಲ್ಲಿ. ಪ್ಲೇಗಿನ ಕಾಲಕ್ಕೆ ಹುಟ್ಟಿದ ಮಲ್ಲೇಶ್ವರ, ಬಸವನಗುಡಿಗಿಂತ ಹಳೆಯದು. ಮಳೆ ಬಂದರೆ ಇಂಥ ಮೈದಾನಕ್ಕೆ ಲಾಭವೇ ಅಲ್ವಾ, ನೀರು ಹಾಯಿಸೋ ಖರ್ಚು ಉಳೀತು ಅನ್ನಿಸಬಹುದು. ಅರ್ಧ ಮಾತ್ರ ನಿಜ.

ಗಾಲ್ಫಿನಲ್ಲಿ ಬರ್ಮುಡಾ ಅಂತ ಕರೆಯೋ ಹುಲ್ಲು ನಮ್ಮ ಗಣಪತಿಗೆ ಏರಿಸೋ ಗರಿಕೆಯ ಜಾತಿಯದ್ದೇ. ಕುಳಿಯ ಸುತ್ತಲಿನ 'ಗ್ರೀನ್'ನಲ್ಲಿ ಅದನ್ನು ಮೂರು-ನಾಲ್ಕು ಮಿ.ಮೀ. ಎತ್ತರಕ್ಕೆ ಕತ್ತರಿಸಿ ಇಡಬೇಕು. ಬಿಸಿಲು-ಮಳೆ ಎರಡೂ ಸಿಕ್ಕರೆ ಗರಿಕೆ ನುಗ್ಗಿ ಬೆಳೆಯುತ್ತೆ. ಆದರೆ ನೆಂದ ನೆಲದ ಮೇಲೆ ಯಂತ್ರ ಓಡಿಸಿದರೆ ಚಕ್ರ ಹೂಳುತ್ತೆ, ಮಣ್ಣು ಬಿಗಿದುಕೊಳ್ಳುತ್ತೆ. ನಾಲ್ಕು ದಿನ ಕಾದು, ಬೆಳೆದದ್ದನ್ನೆಲ್ಲ ಒಂದೇ ಸಲ ಬೋಳಿಸಿದರೂ ಹುಲ್ಲು ಸೊರಗುತ್ತೆ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು ಅನ್ನೋದು ಈ ಕಸುಬಿನ ಲೆಕ್ಕ.

ಅಸಲಿ ಕಷ್ಟ ಇರೋದು ಬೇರಿನಲ್ಲಿ. ನೀರು ತುಂಬಿದ ಮಣ್ಣಲ್ಲಿ ಗಾಳಿಗೆ ಜಾಗ ಇರಲ್ಲ, ಬೇರು ಉಸಿರುಗಟ್ಟುತ್ತೆ, ಬೆನ್ನಿಗೇ ಬೂಷ್ಟು ರೋಗ. ಹಾಕಿದ ಯೂರಿಯಾ ಮೋರಿ ಸೇರುತ್ತೆ. ಮರಳುಗುಂಡಿಯ ಅಂಚಿನ ಮರಳು ತಳಕ್ಕೆ ಜಾರುತ್ತೆ, ಪ್ರತಿ ಜೋರು ಮಳೆ ಆದಮೇಲೂ ಸಲಿಕೆ ಹಿಡಿದು ಮೇಲೆತ್ತಬೇಕು. ಇದಕ್ಕೆಲ್ಲ ಮದ್ದು ಅಂದರೆ ನೆಲಕ್ಕೆ ಸಣ್ಣ ಸಣ್ಣ ತೂತು ಕೊರೆದು ಮರಳು ತುಂಬಿಸೋದು. ಅದನ್ನು ಮುಂಗಾರಿಗೆ ಮೊದಲು ಒಣ ನೆಲದಲ್ಲಿ ಮಾಡಿದರೇ ಅಚ್ಚುಕಟ್ಟು. ಮೇ ತಿಂಗಳೇ ನೆಂದು ಹೋದರೆ ಆ ಕೆಲಸಕ್ಕೆ ಸಮಯ ಎಲ್ಲಿ?

ಹಾಗಾಗಿ ಎರಡು ದಿನ ಆಟ ನಿಲ್ಲಿಸೋದೇ ಜಾಣತನ. ಆದರೆ ಆ ಎರಡು ದಿನದ ಬೆಲೆಯನ್ನು ತೆರೋದು ಹುಲ್ಲಲ್ಲ, ಸದಸ್ಯರೂ ಅಲ್ಲ. ಗಾಲ್ಫ್ ಚೀಲ ಹೊರುವ ಕ್ಯಾಡಿಗಳಿಗೆ ಸಾಮಾನ್ಯವಾಗಿ ಸಂಬಳ ಅನ್ನೋದಿಲ್ಲ, ಆಡಿಸಿದ ಸುತ್ತಿಗೆ ಇಷ್ಟು ಅಂತ ದುಡ್ಡು. ಆಟ ಇಲ್ಲದ ದಿನ ಬರಿಗೈ. ಮರಳಿಗೆ, ಔಷಧಿಗೆ ಬಜೆಟ್ ಇಡುವ ಯಾವುದೇ ಕ್ಲಬ್ಬು ಮಳೆ ರಜೆಯ ಕೂಲಿಯನ್ನೂ ನಿರ್ವಹಣೆಯ ಖರ್ಚಿಗೇ ಸೇರಿಸಬೇಕು. ಇಲ್ಲದಿದ್ದರೆ ನೆಲ ಒಣಗುವ ಮೊದಲೇ ಗೇಟು ತೆರೆಯುವ ಒತ್ತಡ ಇದ್ದೇ ಇರುತ್ತೆ.

ಯಂತ್ರ ತಂದರೆ ಮುಗೀತಲ್ಲ ಅನ್ನೋರಿಗೆ ಚಿನ್ನಸ್ವಾಮಿ ಕ್ರೀಡಾಂಗಣ ಇದೆ. ಅಲ್ಲಿ ನೆಲದಡಿಯಿಂದ ನೀರು ಹೀರುವ ಸಬ್‌ಏರ್ ವ್ಯವಸ್ಥೆಯನ್ನು 2017ರಲ್ಲಿ ಹಾಕಿದರು. ಅದರ ಮೂಲ ಅಮೆರಿಕದ ಅಗಸ್ಟಾ ಗಾಲ್ಫ್ ಮೈದಾನ. ಆದರೂ ಮೇ 17ರ ಆರ್‌ಸಿಬಿ-ಕೋಲ್ಕತ್ತ ಪಂದ್ಯ ಟಾಸೂ ಕಾಣದೆ ರದ್ದಾಯ್ತು. ಸುರಿಯೋದು ನಿಂತರೆ ತಾನೇ ಯಂತ್ರಕ್ಕೆ ಕೆಲಸ!

ನಮ್ಮ ಬಡಾವಣೆಗಳ ಮೈದಾನಕ್ಕೆ ಅಷ್ಟೂ ಇಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನವಾಗಲಿ, ಮಲ್ಲೇಶ್ವರ 18ನೇ ಕ್ರಾಸಿನ ಮೈದಾನವಾಗಲಿ, ಮಣ್ಣಿನ ಸ್ವಭಾವ ಒಂದೇ. ಹಸಿ ನೆಲದ ಮೇಲೆ ಒಂದು ಶಾಮಿಯಾನದ ಲಾರಿ ಓಡಾಡಿದರೆ ಆ ಗಾಲಿಯ ಗುರುತು ದಸರೆವರೆಗೂ ನಿಲ್ಲುತ್ತೆ, ಮುಂದಿನ ಮಳೆ ನೀರು ಇಂಗದೆ ಪಕ್ಕದ ರಸ್ತೆಗೆ, ಅಂಗಡಿ ಮೆಟ್ಟಿಲಿಗೆ ಇಳಿಯುತ್ತೆ. ಪರೀಕ್ಷೆಗೆ ಇಂಜಿನಿಯರ್ ಬೇಕಿಲ್ಲ. ಹಿಮ್ಮಡಿ ಒತ್ತಿದಾಗ ನೀರು ಜಿನುಗಿದರೆ ಅವತ್ತು ಲಾರಿಯೂ ಬೇಡ, ರೋಲರೂ ಬೇಡ.