ಕೊನೆಕೊಯ್ಲಿನ ಲೆಕ್ಕ

ದಸರೆ ಕಳೆದು ದೀಪಾವಳಿ ಸಮೀಪಿಸುವ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ದಿನವೂ ಸಂಜೆ ಒಂದು ಪ್ರಶ್ನೆ ಕೇಳಿಬರುತ್ತದೆ. ಕೊನೆಗೌಡ ಅಂಗಳದ ಅಂಚಿನಲ್ಲಿ ನಿಂತು, “ಹೆಗಡೇರೆ, ನಾಳೆ ಎಷ್ಟು ಕೊನೆ ಇಳಿಸೋದು?” ಎನ್ನುತ್ತಾನೆ. ಪೇಟೆಯಿಂದ ಬಂದ ನೆಂಟರಿಗೆ ಇದೊಂದು ಪ್ರಶ್ನೆಯೆಂದೇ ತೋರದು. ಬೆಳೆದುದನ್ನೆಲ್ಲ ಕೊಯ್ದರಾಯಿತಲ್ಲ! ಆದರೆ ಹೆಗಡೆಯವರು ಒಡನೆ ಉತ್ತರ ಕೊಡುವುದಿಲ್ಲ. ಚಪ್ಪರದ ಕಡೆಗೊಮ್ಮೆ, ಬಾನಿನ ಕಡೆಗೊಮ್ಮೆ ನೋಡಿ, ಒಳಮುಖವಾಗಿ, “ನಾಳೆ ಸುಲಿಯೋಕೆ ಎಷ್ಟು ಜನ ಬರ್ತಾರಂತೆ?” ಎಂದು ಮನೆಯಾಕೆಯನ್ನು ವಿಚಾರಿಸುತ್ತಾರೆ. ಆ ಉತ್ತರ ಬಂದ ಮೇಲೆಯೇ ಕೊನೆಗೌಡನಿಗೆ ಉತ್ತರ.

ಕೆಂಪಡಿಕೆ ಮರದಲ್ಲಿ ಬೆಳೆಯುವ ಪದಾರ್ಥವಲ್ಲ, ಮನೆಯಲ್ಲಿ ತಯಾರಾಗುವ ಪದಾರ್ಥ. ಮರದಿಂದ ಬರುವುದು ಹಸಿರು ಕಾಯಿ ಮಾತ್ರ. ನೂರು ಕಿಲೋ ಹಸಿ ಕಾಯಿ ಸುಲಿದು, ಬೆಂದು, ಒಣಗಿ, ಕಡೆಗೆ ಸುಮಾರು 12-13 ಕಿಲೋ ಕೆಂಪಡಿಕೆಯಾಗಿ ಚೀಲ ಸೇರುತ್ತದೆ. ಈ ಹಾದಿಯಲ್ಲಿ ಎಲ್ಲಿ ತಡೆದರೂ ಸರಕು ಕೆಡುತ್ತದೆ. ಮರದಲ್ಲೇ ಹೆಚ್ಚು ದಿನ ಉಳಿದರೆ ಕಾಯಿ ಬಲಿತು ಹಣ್ಣಾಗಿ ಗೋಟಾಗುತ್ತದೆ. ಕೊಯ್ದು ರಾಶಿ ಹಾಕಿಟ್ಟರೆ ಒಳಗೊಳಗೇ ಕಾವೇರುತ್ತದೆ. ಸುಲಿದುದನ್ನು ಹಂಡೆಗೆ ಹಾಕದೆ ಬಿಟ್ಟರೆ ಬಣ್ಣ ಹೋಗುತ್ತದೆ. ಬೇಯಿಸಿದ್ದಕ್ಕೆ ಬಿಸಿಲು ಸಿಗದಿದ್ದರೆ ಬೂಷ್ಟು ಹಿಡಿಯುತ್ತದೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಮಂಡಿಯಲ್ಲಿ ನಾಲ್ಕು ಹೆಸರುಗಳೂ ನಾಲ್ಕು ಧಾರಣೆಗಳೂ ಉಂಟು. ವರ್ಷದ ದುಡಿಮೆ ಮೇಲಿನ ಹೆಸರಿಗೆ ಸಲ್ಲುವುದೋ ಕೆಳಗಿನದಕ್ಕೆ ಇಳಿಯುವುದೋ ಎಂಬುದು ಬಹುಮಟ್ಟಿಗೆ ಈ ಕೆಲವು ವಾರಗಳ ಹೊಂದಾಣಿಕೆಯಲ್ಲಿದೆ.

ಹೆಗಡೆಯವರು ಬಾಯಿಲೆಕ್ಕದಲ್ಲಿ ಮುಗಿಸುವುದನ್ನು ಕಾಗದದ ಮೇಲೆ ಬಿಡಿಸಿ ನೋಡಬಹುದು. ಮೆಟ್ಟುಗತ್ತಿಯ ಮುಂದೆ ಕುಳಿತ ಒಬ್ಬರು ದಿನಕ್ಕೆ ಮೂರು ಡಬ್ಬ ಸುಲಿಯುತ್ತಾರೆಂದು ಇಟ್ಟುಕೊಳ್ಳೋಣ. ಎಂಟು ಜನ ಬಂದರೆ 24 ಡಬ್ಬವಾಯಿತು. ಹಂಡೆಗೆ ಒಂದು ಸಲಕ್ಕೆ ಆರು ಡಬ್ಬ ಹಿಡಿಯುವುದಾದರೆ ನಾಲ್ಕು ಸಲ ಬೇಯಿಸಬೇಕು. ಕಾಯಿಯ ಕಣ್ಣು ಕಳಚುವವರೆಗೆ ಒಲೆ ಉರಿಯಬೇಕಾದ್ದರಿಂದ ಕೆಲಸ ನಡುರಾತ್ರಿಗೆ ಹೋಗುತ್ತದೆ, ಆದರೂ ಆದೀತು. ಆಗದಿರುವುದು ಮುಂದಿನದು. ಬೆಂದ ಅಡಿಕೆಗೆ ಏಳು ದಿನದ ಬಿಸಿಲು ಬೇಕೆಂದರೆ, ದಿನಕ್ಕೆ 24ರಂತೆ ಏಳು ದಿನದ 168 ಡಬ್ಬಗಳಿಗೆ ಚಪ್ಪರದಲ್ಲಿ ಏಕಕಾಲಕ್ಕೆ ಜಾಗ ಬೇಕು. ಇರುವುದು 120 ಡಬ್ಬದ ಚಪ್ಪರವಾದರೆ ದಿನಕ್ಕೆ 17 ಡಬ್ಬಕ್ಕಿಂತ ಹೆಚ್ಚು ಬೇಯಿಸಿ ಫಲವಿಲ್ಲ. ಅಂದಮೇಲೆ ಸುಲಿಯಲು ಆರು ಜನವೇ ಹೆಚ್ಚು. ಉಳಿದಿಬ್ಬರ ಕೂಲಿ ಅಡಿಕೆಯನ್ನು ಕೆಡಿಸುವುದಕ್ಕೆ ಕೊಟ್ಟ ಕೂಲಿ. ಇನ್ನು ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಇಲ್ಲಿ ಮೋಡ ಕವಿಯಿತೆನ್ನಿ, ಏಳು ದಿನದ ಒಣಗು ಹತ್ತು ದಿನವಾಯಿತು. ಆಗ ಅದೇ ಚಪ್ಪರ ದಿನಕ್ಕೆ 12 ಡಬ್ಬವನ್ನಷ್ಟೇ ಹಿಡಿದೀತು. ನಾಲ್ಕು ಜನರ ಸುಲಿತ. ಹೆಗಡೆಯವರು ಉತ್ತರಕ್ಕೆ ಮುನ್ನ ಬಾನು ನೋಡಿದ್ದು ಇದಕ್ಕಾಗಿ.

ಒಳಗೆ ನಿಂತಿರುವ ಸರಕೆಷ್ಟು ಎಂಬುದು ದಿನವೂ ಬರುವ ಪ್ರಮಾಣವನ್ನು ತಂಗುವ ದಿನಗಳಿಂದ ಗುಣಿಸಿದಷ್ಟು ಎಂಬ ಈ ಸೂತ್ರವನ್ನು ಅಮೆರಿಕದ ಜಾನ್ ಲಿಟಲ್ ಎಂಬ ವಿದ್ವಾಂಸರು 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದರು. ಇಂದಿನ ಕಾರ್ಖಾನೆಗಳ ವ್ಯವಸ್ಥಾಪಕರು ಅದನ್ನು ಪಾಠವಾಗಿ ಕಲಿಯುತ್ತಾರೆ. ಮಲೆನಾಡಿನಲ್ಲಿ ಅದನ್ನು ಚಪ್ಪರವೇ ಕಲಿಸುತ್ತ ಬಂದಿದೆ, ಶುಲ್ಕವನ್ನು ಮಾತ್ರ ಬೂಷ್ಟಿನ ರೂಪದಲ್ಲಿ ವಸೂಲು ಮಾಡಿಕೊಂಡು.

ಸಾಮಗ್ರಿಯ ಲೆಕ್ಕ ಇನ್ನೂ ಹಿಂದಿನಿಂದ ಹೊರಡುತ್ತದೆ. ಅಕ್ಟೋಬರಿನಲ್ಲಿ ಒಲೆ ಹೊತ್ತಬೇಕಾದರೆ ಕಟ್ಟಿಗೆ ಬೇಸಗೆಯಲ್ಲೇ ಸೀಳಿ, ಮಳೆ ಹಿಡಿಯುವ ಮುನ್ನ ಕೊಟ್ಟಿಗೆ ಸೇರಿರಬೇಕು. ಆಗುಂಬೆಯಂತಹ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿದು. ಜೂನ್ ಕಳೆದ ಮೇಲೆ ಒಣ ಸೌದೆ ಎಂಬುದು ಮಾತಿಗಷ್ಟೇ. ಮೈಲುತುತ್ತ ಅದಕ್ಕೂ ಮುಂಚಿನ ಚಿಂತೆ. ಅಡಿಕೆಯ ಕೊಳೆರೋಗಕ್ಕೆ ಮೂಲ ಒಂದು ಶಿಲೀಂಧ್ರವೆಂಬುದನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ವಿವರಿಸಿದರು. ಅಲ್ಲಿಂದೀಚೆಗೆ ಕೊನೆಗಳನ್ನು ಕಾಯುತ್ತ ಬಂದಿರುವುದು ಬೋರ್ಡೋ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆಗೆ ಮುನ್ನ ಒಂದು ಸಲ, ಅಲ್ಲಿಂದ 40-45 ದಿನಕ್ಕೆ ಮತ್ತೊಂದು ಸಲ. ಆ ಎರಡನೆಯ ಸಲಕ್ಕೆ ಮಳೆ ಒಂದೆರಡು ದಿನ ಬಿಡುವು ಕೊಟ್ಟಾಗ ಅಂಗಡಿಗೆ ಓಡಿದರಾಗದು. ಮೈಲುತುತ್ತ ಮನೆಯಲ್ಲಿರಬೇಕು, ಮರ ಹತ್ತುವವನು ಮಾತು ಕೊಟ್ಟಿರಬೇಕು. ಬೇಕಾದ ದಿನದಿಂದ ಹಿಂದಕ್ಕೆ ಎಣಿಸಿ ಸಾಮಗ್ರಿ ತರಿಸುವ ಈ ಕ್ರಮವನ್ನು ಗಣಕಯಂತ್ರಕ್ಕೆ ಅಳವಡಿಸುವ ಬಗೆಯನ್ನು ಜೋಸೆಫ್ ಓರ್ಲಿಕಿ ಎಂಬವರು 1975ರಲ್ಲಿ ದೊಡ್ಡ ಗ್ರಂಥವಾಗಿ ಬರೆದರು. ಅದರಲ್ಲಿ ಚೊಗರಿನಂಥ ವಸ್ತುವಿಗೆ ಯಾವ ಹೆಸರು ಸಲ್ಲುವುದೋ! ಅಡಿಕೆ ಬೇಯಿಸಿ ಉಳಿದ ಈ ಕೆಂಪು ರಸ ಅಂಗಡಿಯಲ್ಲಿ ಸಿಗುವಂಥದಲ್ಲ. ಈ ವರ್ಷದ ಕಡೆಯ ಹಂಡೆಯಿಂದ ಕಾದಿಟ್ಟುಕೊಂಡದ್ದೇ ಬರುವ ವರ್ಷದ ಮೊದಲ ಹಂಡೆಗೆ ಬಣ್ಣ ಕೊಡಬೇಕು.

ಈಚಿನ ವರ್ಷಗಳಲ್ಲಿ ಸುಲಿಯುವವರು ಸಿಗದಾಗಿ ಯಂತ್ರಗಳು ಬಂದಿವೆ. ಮೆಟ್ಟುಗತ್ತಿಗಳ ಸಾಲೂ ಸುಲಿಯುತ್ತ ನಡುರಾತ್ರಿಯವರೆಗೆ ನಡೆಯುತ್ತಿದ್ದ ಮಾತುಕತೆಯೂ ಅನೇಕ ಮನೆಗಳಲ್ಲಿ ಮುಗಿದುಹೋಗಿವೆ. ಯಂತ್ರ ಬಂದ ಮೊದಲ ವರ್ಷ ಹಲವರು ಒಂದೇ ತಪ್ಪು ಮಾಡಿದರು. ಸುಲಿತ ಬೇಗ ಮುಗಿಯುವುದೆಂದು ಕೊನೆಗಳನ್ನು ಧಾರಾಳವಾಗಿ ಇಳಿಸಿದರು. ದಿನಕ್ಕೆ 60 ಡಬ್ಬ ಸುಲಿದರೆ 120 ಡಬ್ಬದ ಚಪ್ಪರ ಎರಡೇ ದಿನಕ್ಕೆ ಭರ್ತಿ! ಸಾಲದ್ದಕ್ಕೆ ಯಂತ್ರದಲ್ಲಿ ಒಡೆದುದನ್ನೂ ಸಿಪ್ಪೆ ಬಿಡದುದನ್ನೂ ಕೈಯಿಂದ ಆರಿಸುವ ಕೆಲಸ ಬೇರೆ. ಮೊದಲು ಸುಲಿಯುವ ಜಗಲಿಯಲ್ಲಿದ್ದ ಇಕ್ಕಟ್ಟು ಈಗ ಅಂಗಳಕ್ಕೆ ಬಂದು ಕೂತಿತು, ಅಷ್ಟೇ. ಬಳಿಕ ಹಂಡೆ ದೊಡ್ಡದಾಯಿತು, ಅಂಗಳಕ್ಕೆ ಸಿಮೆಂಟು ಬಿತ್ತು, ಕೆಲವರು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿದ ಒಣಗುಮನೆಗಳನ್ನು ಕಟ್ಟಿಸಿದರು. ಒಂದು ಯಂತ್ರದ ಬೆಲೆಯೆಂದು ಹೊರಟವರಿಗೆ ನಾಲ್ಕರ ಖರ್ಚು ಬಿತ್ತು.

ಮಕ್ಕಳು ಬೆಂಗಳೂರಿನಲ್ಲಿದ್ದು ಮನೆಯಲ್ಲಿ ಇಬ್ಬರೇ ಮುದುಕರು ಉಳಿದ ಕಡೆಗಳಲ್ಲಿ ಇದೆಲ್ಲ ನೀಗದೆ ಫಸಲನ್ನು ಚೇಣಿಗೆ ಕೊಡುವುದುಂಟು. ಚೇಣಿದಾರನ ಆಳುಗಳು ಬಂದು ಕೊಯ್ದು, ಹಸಿ ಕಾಯನ್ನೇ ತೂಗಿ ಲಾರಿಗೆ ತುಂಬುತ್ತಾರೆ. ದುಡ್ಡು ಬೇಗ ಕೈಸೇರುತ್ತದೆ, ನಿದ್ದೆಯೂ ಬರುತ್ತದೆ; ಅದನ್ನು ಆಕ್ಷೇಪಿಸುವಂತಿಲ್ಲ. ಆದರೆ ಎರಡು ವರ್ಷ ಚೇಣಿಗೆ ಕೊಟ್ಟ ಮನೆಯವರು ಮೂರನೆಯ ವರ್ಷ ತಾವೇ ಬೇಯಿಸಹೊರಟರೆ, ಒಲೆಯಿರುತ್ತದೆ, ಹಂಡೆಯಿರುತ್ತದೆ, ಚೊಗರಿನ ಪಾತ್ರೆ ಒಣಗಿರುತ್ತದೆ. ಆಗ ಹೆಗಡೆಯವರು ಬಿಂದಿಗೆ ಹಿಡಿದು ನೆರೆಮನೆಯ ಅಂಗಳಕ್ಕೆ ಇಳಿಯುತ್ತಾರೆ.