ಮನೆಯ ತಂತಿಗಳಿಗೆ ಪರೀಕ್ಷಕರು ಯಾರು?

ಗೃಹಪ್ರವೇಶಕ್ಕೆ ಬಂದ ನೆಂಟರಿಷ್ಟರು ಬಾಗಿಲಿನ ಕೆತ್ತನೆಯನ್ನು ಮೆಚ್ಚುತ್ತಾರೆ. ನೆಲದ ಹೊಳಪನ್ನು ಹೊಗಳುತ್ತಾರೆ. ಗೋಡೆಯೊಳಗೆ ಹುದುಗಿರುವ ವಿದ್ಯುತ್ ತಂತಿಗಳನ್ನು ಮಾತ್ರ ಯಾರೂ ನೋಡುವುದಿಲ್ಲ. ನೋಡಲು ಸಾಧ್ಯವೂ ಇಲ್ಲ. ಮನೆಯವರ ಪ್ರಾಣವಾದರೋ ಆ ತಂತಿಗಳನ್ನೇ ನಂಬಿಕೊಂಡಿದೆ. ಅವು ಸರಿಯಾಗಿವೆಯೆಂದು ಹೇಳತಕ್ಕವರು ಯಾರು?

ನಮ್ಮಲ್ಲಿ ಇದಕ್ಕೆ ಕಟ್ಟಳೆಗಳೇ ಇಲ್ಲವೆಂದಲ್ಲ. ಪರವಾನಗಿ ಪಡೆದ ಗುತ್ತಿಗೆದಾರನೇ, ಅರ್ಹತಾಪತ್ರವುಳ್ಳವನ ಮೇಲ್ವಿಚಾರಣೆಯಲ್ಲಿ, ತಂತಿ ಜೋಡಿಸುವ ಕೆಲಸವನ್ನು ನಡೆಸತಕ್ಕದ್ದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ವಿಧಿಸಿದ್ದುವು. ಕರ್ನಾಟಕದಲ್ಲಿ ಇಂಥ ಪರವಾನಗಿಗಳನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಆದರೆ ಸಾಮಾನ್ಯ ಮನೆಗೆ ವಿದ್ಯುತ್ತನ್ನು ಕೊಡುವ ಮುನ್ನ ಸರಬರಾಜು ಸಂಸ್ಥೆಯು ತಾನೇ ಪರೀಕ್ಷಿಸಬಹುದು, ಇಲ್ಲವೆ ಗುತ್ತಿಗೆದಾರನು ರುಜು ಹಾಕಿದ ವರದಿಯನ್ನು ಒಪ್ಪಿಕೊಳ್ಳಬಹುದು. ಎರಡನೆಯ ದಾರಿಯನ್ನು ಹಿಡಿದಾಗ, ವಿದ್ಯಾರ್ಥಿಯು ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಂಡಂತಾಗುತ್ತದೆ! ಗುತ್ತಿಗೆದಾರರು ಪ್ರಾಮಾಣಿಕರಲ್ಲವೆಂದು ನನ್ನ ಮಾತಿನ ಅರ್ಥವಲ್ಲ. ತನ್ನ ತಪ್ಪು ತನ್ನ ಕಣ್ಣಿಗೆ ಬೀಳುವುದು ಯಾರಿಗಾದರೂ ಕಷ್ಟ.

ಅಪಾಯವೆಷ್ಟೆಂಬುದನ್ನು ಓಮನ ನಿಯಮವೇ ತಿಳಿಸುತ್ತದೆ. ಕೈ ಒದ್ದೆಯಾಗಿರುವವನ ದೇಹದ ರೋಧ ಸುಮಾರು 1000 ಓಮ್ ಎಂದಿಟ್ಟುಕೊಳ್ಳೋಣ. 230 ವೋಲ್ಟಿನ ತಂತಿ ತಗುಲಿದರೆ ಅವನ ಮೈಯಲ್ಲಿ 0.23 ಆಂಪಿಯರ್ ಹರಿಯುತ್ತದೆ. ಹೃದಯದ ಬಡಿತವನ್ನು ಕೆಡಿಸಿ ಪ್ರಾಣ ತೆಗೆಯಲು ಇಷ್ಟು ಸಾಕು. 5 ಆಂಪಿಯರಿನ ಫ್ಯೂಸಿಗಾದರೋ ಇದು ಲೆಕ್ಕಕ್ಕೇ ಇಲ್ಲ. ಅದು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯತಕ್ಕವು ಒಳ್ಳೆಯ ಭೂಸಂಪರ್ಕ, ಮತ್ತು 30 ಮಿಲಿಆಂಪಿಯರ್ ಸೋರುವಷ್ಟರಲ್ಲಿಯೇ ಪ್ರವಾಹವನ್ನು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನ. ದೀಪ ಹತ್ತಿದ ಮಾತ್ರಕ್ಕೆ ಇವು ಸರಿಯಾಗಿವೆಯೆಂದು ತಿಳಿಯಲಾಗದು. ಭೂಸಂಪರ್ಕದ ತಂತಿ ತುಂಡಾಗಿದ್ದರೂ ದೀಪ ಚೆನ್ನಾಗಿಯೇ ಉರಿಯುತ್ತದೆ. ತಂತಿಯ ಹೊದಿಕೆ ಗಟ್ಟಿಯಾಗಿದೆಯೆ ಎಂಬುದಕ್ಕೂ ಬೇರೆ ಪರೀಕ್ಷೆಯೇ ಬೇಕು: ಮೆಗ್ಗರ್ ಯಂತ್ರದಿಂದ ತಂತಿಗೂ ಭೂಮಿಗೂ ನಡುವೆ 500 ವೋಲ್ಟನ್ನು ಒಂದು ನಿಮಿಷ ಕೊಟ್ಟಾಗ ರೋಧವು 10 ಲಕ್ಷ ಓಮಿಗಿಂತ ಕಡಿಮೆಯಿರಕೂಡದು. ಅಂದರೆ ಸೋರಿಕೆಯು ಅರ್ಧ ಮಿಲಿಆಂಪಿಯರನ್ನು ಮೀರಕೂಡದು.

ಆದುದರಿಂದ ವಾಸದ ಮನೆಗಳಿಗೆ, ತಂತಿ ಜೋಡಿಸಿದವರಿಗಿಂತ ಬೇರೆಯಾದ, ಪರವಾನಗಿ ಹೊಂದಿದ ಪರೀಕ್ಷಕರು ಬೇಕೆಂಬುದು ನನ್ನ ಅಭಿಪ್ರಾಯ. ಇಂಗ್ಲೆಂಡಿನಲ್ಲಿ ಖಾಸಗಿ ಬಾಡಿಗೆ ಮನೆಗಳ ತಂತಿಗಳನ್ನು ಕನಿಷ್ಠ 5 ವರ್ಷಗಳಿಗೊಮ್ಮೆ ಅರ್ಹರಿಂದ ಪರೀಕ್ಷೆ ಮಾಡಿಸಬೇಕೆಂದು 2020ರ ನಿಯಮಗಳು ವಿಧಿಸಿವೆ. ಇಂಥ ಏರ್ಪಾಡಿನಿಂದ ಇನ್ನೊಂದು ಖರ್ಚು, ಇನ್ನೊಂದು ಅಲೆದಾಟ ಬರುವುದೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆ ಸುಳ್ಳಲ್ಲ. ಆದರೆ ಪರೀಕ್ಷಕರು ಸರಕಾರದ ಅಧಿಕಾರಿಗಳೇ ಆಗಬೇಕಾಗಿಲ್ಲ. ಗೊತ್ತಾದ ಶುಲ್ಕವಿರಲಿ, ಅಳೆದ ಅಂಕಿಗಳು ವರದಿಯಲ್ಲಿರಲಿ, ಅಳೆಯದೆ ರುಜು ಹಾಕಿದವರ ಪರವಾನಗಿ ರದ್ದಾಗಲಿ.

ಆ ಪರವಾನಗಿಯ ಪರೀಕ್ಷೆ ಬರಿಯ ಬರವಣಿಗೆಯಲ್ಲಿ ಮುಗಿಯಬಾರದು. ಬೇಕೆಂದೇ ದೋಷಗಳನ್ನು ಅಡಗಿಸಿಟ್ಟ ತಂತಿಜಾಲವೊಂದನ್ನು ಅಭ್ಯರ್ಥಿಯ ಮುಂದಿಟ್ಟು, ಅವನ್ನು ಕಂಡುಹಿಡಿಯೆಂದು ಹೇಳಬೇಕು. ವರ್ಷಗಟ್ಟಲೆ ದುಡಿದ ತಂತಿ ಕೆಲಸಗಾರನಿಗೂ ಪದವೀಧರನಿಗೂ ಈ ಬಾಗಿಲು ಸಮನಾಗಿ ತೆರೆದಿರಲಿ.

ಓಮನ ನಿಯಮವನ್ನು ಅಂಕಗಳಿಗಾಗಿ ಬಾಯಿಪಾಠ ಮಾಡುವ ವಿದ್ಯಾರ್ಥಿಮಿತ್ರರೇ, ಅದೇ ನಿಯಮದಿಂದ ಒಂದು ಸಂಸಾರವನ್ನು ಕಾಪಾಡುವ ಉದ್ಯೋಗವೇನು ಕೀಳೆ? ಸದ್ಯಕ್ಕೆ ನಿಮ್ಮ ಮನೆಯ ಆರ್.ಸಿ.ಸಿ.ಬಿ.ಯ ಪರೀಕ್ಷಾಗುಂಡಿಯನ್ನು ಹಿರಿಯರ ಎದುರಿನಲ್ಲಿ ಒಮ್ಮೆ ಒತ್ತಿ ನೋಡಿರಿ. ಪ್ರವಾಹ ನಿಲ್ಲದಿದ್ದರೆ, ಅಥವಾ ಆ ಸಾಧನವೇ ಇಲ್ಲದಿದ್ದರೆ, ಪರವಾನಗಿಯುಳ್ಳವರನ್ನು ಅಂದೇ ಕರೆಸಿರಿ.