ಡಿಲೀಟ್ ಬಟನ್ ಇಲ್ಲದ ಕ್ಯಾಮೆರಾ

ಮೊನ್ನೆ ಅಟ್ಟ ಗುಡಿಸುವಾಗ ಅಪ್ಪನ ಆಗ್ಫಾ ಕ್ಲಿಕ್-3 ಸಿಕ್ತು. ಬರೋಡಾದಲ್ಲಿ ತಯಾರಾಗ್ತಿದ್ದ ಡಬ್ಬಿ ಕ್ಯಾಮೆರಾ. ಒಂದು 120 ರೋಲಿಗೆ ಬರೀ 12 ಫೋಟೋ. ಹಿಂದಿನ ಕೆಂಪು ಕಿಂಡೀಲಿ ನಂಬರ್ ನೋಡ್ಕೊಂಡು ರೋಲ್ ತಿರುಗಿಸಬೇಕಿತ್ತು.

ಜೊತೆಗೇ ಒಂದಷ್ಟು ನೆಗೆಟಿವ್. ಬೆಳಕಿಗೆ ಹಿಡಿದು ನೋಡಿದ್ರೆ ಒಂದರಲ್ಲಿ ನಮ್ಮಜ್ಜಿ! ಬಿಳಿಗೂದಲು ಕಪ್ಪಾಗಿ ಕಾಣ್ತಿದೆ, ಬಾಯ್ತುಂಬಾ ನಗು. ಆಲ್ಬಮ್ಮಿನ ಅಜ್ಜಿ ಎಲ್ಲಾ ಕಡೆ ಬಿಗಿದುಕೊಂಡು ಕೂತವಳೇ. "ಅದು ಅಲುಗಾಡಿತ್ತಲ್ಲೋ, ಪ್ರಿಂಟ್ ಹಾಕಿಸ್ಲಿಲ್ಲ" ಅಂದ್ರು ಅಪ್ಪ.

ಫಿಲ್ಮ್ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ರೋಲಿನ ಖರ್ಚು, ತೊಳೆಸೋಕೆ ಕೊಟ್ಟು ಕಾಯೋದು ನಂಗೂ ಬೇಡ. ಆದ್ರೆ ಅದಕ್ಕೆ ಡಿಲೀಟ್ ಬಟನ್ ಇರಲಿಲ್ಲ. ಕೆಟ್ಟುಹೋದ ಫೋಟೋನೂ ನೆಗೆಟಿವಲ್ಲಿ ಉಳೀತಿತ್ತು. ಮೊಬೈಲಾಗಿದ್ರೆ ಆ ನಗು ಅವತ್ತೇ ಅಳಿಸಿಹೋಗಿರ್ತಿತ್ತು.

ಈಗ ಹಳೇ ಕ್ಯಾಮೆರಾನ ಶೋಕೇಸಿನಲ್ಲಿಟ್ಟು ನೆಗೆಟಿವ್‌ನ ಕಸಕ್ಕೆ ಹಾಕೋರೇ ಜಾಸ್ತಿ. ನನ್ ಕೇಳಿದ್ರೆ ಕ್ಯಾಮೆರಾ ಹೋದ್ರೂ ಪರವಾಗಿಲ್ಲ, ನೆಗೆಟಿವ್ ಉಳಿಸ್ಕೊಳ್ಳಿ. ತೇವಕ್ಕೆ ಬೂಷ್ಟು ಹಿಡಿಯೋ ಮುಂಚೆ ಸ್ಕ್ಯಾನ್ ಮಾಡಿಸಿ.

ನಿಮ್ಮನೆ ಅಟ್ಟದಲ್ಲೂ ಯಾರೋ ನಗ್ತಾ ಕೂತಿರಬಹುದು. ಒಮ್ಮೆ ಹತ್ತಿ ನೋಡ್ತೀರಾ?